ಬೌದ್ಧ ವಿನಯ ಗ್ರಂಥಗಳಲ್ಲಿ ವೈದ್ಯ ಮತ್ತು ಶುಶ್ರೂಷೆ



ಕಲ್ಯಾಣವೆಂದ ಕೂಡಲೇ ಕನ್ನಡಿಗರ ಮನಸ್ಸು ಬಸವಣ್ಣನವರ ಕಲ್ಯಾಣದ ಕಡೆಗೆ ಹರಿಯುವುದು ಸಹಜ. ಆದರೆ ನಾನಿಂದು ಮಾತನ್ನು ಆರಂಭಿಸುವುದು ಉಲ್ಹಾಸ ನದಿಯ ದಂಡೆಯ ಮೇಲಿರುವ ನಮ್ಮ ಈ ಕಲ್ಯಾಣದಿಂದ. ಠಾಣೆ, ಡೊಂಬಿವಲಿ, ನವಿಮುಂಬಯಿಗಳಲ್ಲಿ ನೆಲೆಸಿರುವ ನಮಗೆ ಇದು ರೈಲು ಬದಲಿಸುವ ಜಂಕ್ಷನ್. ಎರಡು ಸಾವಿರ ವರ್ಷಗಳ ಹಿಂದೆ ಇದು ಸಮುದ್ರ ವ್ಯಾಪಾರದ ರೇವುಪಟ್ಟಣವಾಗಿತ್ತು. ಗ್ರೀಕ್ ಭಾಷೆಯ ‘ಪೆರಿಪ್ಲಸ್’ ಎಂಬ ನೌಕಾಮಾರ್ಗದ ಕೈಪಿಡಿಯಲ್ಲಿ ಇದರ ಹೆಸರು ‘ಕಲ್ಲಿಯೇನ’ ಎಂದು ಬಂದಿದೆ.

ಈ ಪಟ್ಟಣದ ಜನ ತಮ್ಮ ಹೆಸರನ್ನು ಉಳಿಸಿಹೋದದ್ದು ಕನ್ಹೇರಿಯ ಬಂಡೆಗಳ ಮೇಲೆ. ಠಾಣೆಗೂ ಬೊರಿವಲಿಗೂ ನಡುವಣ ಕಾಡುಗುಡ್ಡಗಳಲ್ಲಿ, ಇಂದಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಒಳಗೆ, ನೂರಕ್ಕೂ ಹೆಚ್ಚು ಗುಹೆಗಳಿರುವ ಈ ಬೌದ್ಧ ವಿಹಾರವಿದೆ. ಅಲ್ಲಿನ ಬ್ರಾಹ್ಮೀ ಶಾಸನಗಳಲ್ಲಿ ಕಲ್ಯಾಣದ ವರ್ತಕರು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ. ಕಲ್ಯಾಣದ ಒಬ್ಬ ಅಕ್ಕಸಾಲಿಗನು ನೀರಿನ ತೊಟ್ಟಿಯನ್ನೂ, ಒಬ್ಬ ಕಮ್ಮಾರನು ಕಾಲುದಾರಿಯನ್ನೂ ದಾನವಾಗಿ ಕೊಟ್ಟಿದ್ದಾರೆ. ಕಲ್ಯಾಣದಲ್ಲಿಯೇ ಅಂಬಾಲಿಕಾ ವಿಹಾರವೆಂಬ ಸಂಘಾರಾಮವಿದ್ದ ಸಂಗತಿಯೂ ಕನ್ಹೇರಿಯ ಶಾಸನದಿಂದಲೇ ತಿಳಿದುಬರುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮನೆಮಠ ಬಿಟ್ಟು, ಬಂಧುಬಳಗ ತೊರೆದು, ಮಳೆಗಾಲದ ಮೂರು ತಿಂಗಳು ಇಂಥ ಗುಡ್ಡದ ಮೇಲೆ ಉಳಿಯುತ್ತಿದ್ದ ಭಿಕ್ಷುವಿಗೆ ಜ್ವರ ಬಂದರೆ ಅವನನ್ನು ನೋಡಿಕೊಳ್ಳುವವರು ಯಾರು? ಕೆಲಸಕ್ಕಾಗಿ ಊರು ಬಿಟ್ಟು ಬಂದು ಬಾಡಿಗೆಯ ಕೋಣೆಯಲ್ಲಿ ಒಬ್ಬರೇ ಜ್ವರದಿಂದ ಮಲಗಿದವರಿಗೆ ಈ ಪ್ರಶ್ನೆಯ ತೂಕವನ್ನು ವಿವರಿಸಿ ಹೇಳಬೇಕಾಗಿಲ್ಲ. ಬೌದ್ಧ ಸಂಘವು ಇದಕ್ಕೆ ನಿಯಮದ ರೂಪದಲ್ಲಿಯೇ ಉತ್ತರ ಕೊಟ್ಟಿತು. ಆ ಉತ್ತರವಿರುವುದು ವಿನಯ ಪಿಟಕದಲ್ಲಿ, ಅಂದರೆ ಭಿಕ್ಷುಗಳ ನಡವಳಿಕೆಯ ಕಟ್ಟಳೆಗಳ ಸಂಗ್ರಹದಲ್ಲಿ. ಅದರ ‘ಮಹಾವಗ್ಗ’ ಎಂಬ ಭಾಗದ ಆರನೆಯ ಅಧ್ಯಾಯ ಮುಖ್ಯವಾಗಿ ಔಷಧಗಳಿಗೆ ಮೀಸಲು. ಕನ್ಹೇರಿಯಲ್ಲಿದ್ದವರು ಮುಖ್ಯವಾಗಿ ಭದ್ರಾಯಣೀಯ ಪಂಥದವರು, ನಮಗೆ ಪೂರ್ಣವಾಗಿ ದೊರೆತಿರುವ ಪಾಲಿ ಪಾಠ ಥೇರವಾದಿಗಳದು. ಆದರೂ ಔಷಧ ಪ್ರಕರಣ ಬೇರೆ ಬೇರೆ ಪಂಥಗಳ ವಿನಯಗಳಲ್ಲಿ ಇರುವುದರಿಂದ, ಅದರ ತಿರುಳು ಎಲ್ಲರಿಗೂ ಸಾಮಾನ್ಯವಾಗಿತ್ತೆಂದು ತಿಳಿಯಬಹುದು.

ಅಧ್ಯಾಯದ ಆರಂಭದಲ್ಲಿ ಶ್ರಾವಸ್ತಿಯ ಭಿಕ್ಷುಗಳು ಶರತ್ಕಾಲದ ಬೇನೆಗೆ ತುತ್ತಾಗಿದ್ದಾರೆ. ಕುಡಿದ ಗಂಜಿಯೂ ಹೊಟ್ಟೆಯಲ್ಲಿ ನಿಲ್ಲದು. ಮೈ ಬಡಕಲಾಗಿ ನರಗಳು ಎದ್ದು ಕಾಣುತ್ತಿವೆ. ಆಗ ಬುದ್ಧನು ತುಪ್ಪ, ಬೆಣ್ಣೆ, ಎಣ್ಣೆ, ಜೇನುತುಪ್ಪ, ಕಾಕಂಬಿ ಎಂಬ ಐದು ಔಷಧಗಳಿಗೆ ಅನುಮತಿ ನೀಡುತ್ತಾನೆ. ಮೊದಲು ನಿಗದಿಯಾದ ಹೊತ್ತಿನಲ್ಲಿ ಮಾತ್ರ ಸೇವಿಸಬಹುದೆಂದಿದ್ದ ಅನುಮತಿ, ರೋಗಿಗಳು ಇನ್ನೂ ಸೊರಗಿದ್ದನ್ನು ಕಂಡ ಮೇಲೆ, ಯಾವ ಹೊತ್ತಿನಲ್ಲಾದರೂ ಎಂದು ಸಡಿಲಗೊಳ್ಳುತ್ತದೆ. ಮಧ್ಯಾಹ್ನ ಕಳೆದ ಮೇಲೆ ಆಹಾರ ಮುಟ್ಟದ ಸಂಘಕ್ಕೆ ಇದು ಸಣ್ಣ ರಿಯಾಯಿತಿಯಲ್ಲ. ಆದರೆ ಏಳು ದಿನಕ್ಕಿಂತ ಹೆಚ್ಚು ಕಾಲ ಕೂಡಿಡುವಂತಿಲ್ಲ. ತುಪ್ಪ, ಜೇನು ಗಡಿಗೆಗಳಲ್ಲಿ ತುಂಬಿಟ್ಟುಕೊಂಡಾಗ ಜನ ಆಡಿಕೊಂಡರೆಂಬುದನ್ನೂ ಗ್ರಂಥ ಮರೆಮಾಚಿಲ್ಲ.

ಮುಂದೆ ಬರುವ ಮೂಲಿಕೆಗಳ ಪಟ್ಟಿಯನ್ನು ಓದಿದರೆ ನಮ್ಮೂರಿನ ಗ್ರಂಧಿಗೆ ಅಂಗಡಿಯಲ್ಲಿ ನಿಂತಂತಾಗುತ್ತದೆ. ಬೇರುಗಳಲ್ಲಿ ಅರಿಶಿನ, ಶುಂಠಿ, ಬಜೆ, ಅತಿವಿಷ, ಕಟುಕರೋಹಿಣಿ, ಲಾವಂಚ, ಭದ್ರಮುಷ್ಟಿ. ಎಲೆಗಳಲ್ಲಿ ಬೇವು, ತುಳಸಿ, ಹತ್ತಿ. ಕಾಯಿಗಳಲ್ಲಿ ಹಿಪ್ಪಲಿ, ಮೆಣಸು, ಅಳಲೆ, ತಾರೆ, ನೆಲ್ಲಿ. ಇವುಗಳ ಜತೆಗೆ ಇಂಗು ಮತ್ತು ಹಲವು ಬಗೆಯ ಉಪ್ಪುಗಳು. ಬೇವಿನದೇ ಮೊದಲಾದ ಕಷಾಯಗಳೂ ಇವೆ. ಕಷಾಯವೆಂಬ ಆ ಮಾತನ್ನು ನಾವು ಇಂದಿಗೂ ಬಿಟ್ಟಿಲ್ಲ.

ನನ್ನ ದೃಷ್ಟಿಯಲ್ಲಿ ಈ ಪಟ್ಟಿಗಿಂತ ಬೆಲೆಯುಳ್ಳದ್ದು ಗಾಯದ ಆರೈಕೆಯ ಪ್ರಕರಣ. ಒಬ್ಬ ಭಿಕ್ಷುವಿಗೆ ಕುರು ಎದ್ದಿದೆ. ಶಸ್ತ್ರದಿಂದ ಕೊಯ್ಯಲು ಅನುಮತಿ ದೊರೆಯುತ್ತದೆ. ಕೊಯ್ದ ಮೇಲೆ ತೊಳೆಯಲು ಕಷಾಯದ ನೀರು, ಲೇಪಿಸಲು ಅರೆದ ಎಳ್ಳು, ಮೇಲೆ ಪಟ್ಟು, ಅದನ್ನು ಕಟ್ಟಲು ಬಟ್ಟೆ. ಗಾಯ ತುರಿಸಿದರೆ ಸಾಸಿವೆಯ ಪುಡಿ, ಜಿನುಗಿದರೆ ಹೊಗೆ, ದುರ್ಮಾಂಸ ಬೆಳೆದರೆ ಉಪ್ಪಿನ ಹರಳಿನಿಂದ ಕತ್ತರಿಸುವುದು, ಬಳಿಕ ಗಾಯದ ಎಣ್ಣೆ. ಒಂದೊಂದು ತೊಡಕು ಎದುರಾದಾಗಲೂ ಒಂದೊಂದು ಅನುಮತಿ ಸೇರುತ್ತ ಹೋಗುತ್ತದೆ. ಕಟ್ಟಳೆಯ ಗ್ರಂಥವೊಂದು ರೋಗಿಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಬರೆದಂತಿದೆ. ಮಿತಿಯೂ ಉಂಟು. ರಾಜಗೃಹದಲ್ಲಿ ಆಕಾಶಗೋತ್ರನೆಂಬ ವೈದ್ಯನು ಭಿಕ್ಷುವೊಬ್ಬನ ಭಗಂದರವನ್ನು ಕೊಯ್ದದ್ದನ್ನು ಬುದ್ಧನು ಖಂಡಿಸಿದನು. ಗುಹ್ಯಸ್ಥಾನದ ಚರ್ಮ ಮೃದು, ಅಲ್ಲಿನ ಗಾಯ ಮಾಯುವುದು ಕಷ್ಟ, ಶಸ್ತ್ರ ಆಡಿಸುವುದೂ ಕಷ್ಟವೆಂಬುದು ಅವನು ಕೊಟ್ಟ ಕಾರಣ.

ತಕ್ಷಶಿಲೆಯಲ್ಲಿ ಏಳು ವರ್ಷ ಕಲಿತ ಜೀವಕನ ಕಥೆ ಬಹುಜನರಿಗೆ ಗೊತ್ತಿರುವುದರಿಂದ ವಿಸ್ತರಿಸುವುದಿಲ್ಲ. ಔಷಧವಲ್ಲದ ಗಿಡವನ್ನು ಹುಡುಕಿ ತರಲು ಗುರು ಕಳುಹಿಸಿದಾಗ, ಅಂಥದೊಂದೂ ಸಿಗಲಿಲ್ಲವೆಂದು ಬರಿಗೈಯಲ್ಲಿ ಬಂದು ಉತ್ತೀರ್ಣನಾದವನು ಅವನು. ಆದರೆ ಇದೇ ಜೀವಕನಿಂದ ಹೊರಟ ಇನ್ನೊಂದು ಪ್ರಸಂಗ ಅಷ್ಟಾಗಿ ಪ್ರಚಾರದಲ್ಲಿಲ್ಲ. ಮಗಧದಲ್ಲಿ ಕುಷ್ಠ, ಗಂಡಮಾಲೆಯಂಥ ಬಾವು, ಚರ್ಮರೋಗ, ಕ್ಷಯ, ಅಪಸ್ಮಾರಗಳು ಹಬ್ಬಿದ್ದಾಗ, ಜೀವಕನು ಅರಸನಿಗೂ ಸಂಘಕ್ಕೂ ಮಾತ್ರ ಚಿಕಿತ್ಸೆ ಮಾಡುವನೆಂದು ತಿಳಿದ ರೋಗಿಗಳು ದೀಕ್ಷೆ ಪಡೆದು ವಿಹಾರ ಸೇರತೊಡಗಿದರು. ಗುಣವಾದ ಮೇಲೆ ಚೀವರ ಕಳಚಿ ಮನೆಗೆ ಹೋದವರೂ ಇದ್ದರು. ಜೀವಕನ ಬಿನ್ನಹದಂತೆ ಈ ಐದು ರೋಗಗಳಿದ್ದವರಿಗೆ ದೀಕ್ಷೆ ಕೊಡಬಾರದೆಂಬ ಕಟ್ಟಳೆ ಹುಟ್ಟಿತು. ಓದಿದಾಗ ಮನಸ್ಸಿಗೆ ನೋವಾಗುತ್ತದೆ. ಕೈಲಾದಷ್ಟನ್ನೇ ಮಾಡಬಲ್ಲ ಸಂಸ್ಥೆಯೊಂದು ಬಾಗಿಲಲ್ಲಿ ನೆರೆದವರನ್ನು ಕಂಡು ಅಂಜಿದ್ದರ ದಾಖಲೆ ಇದು. ಇಂದು ಕುಷ್ಠ ಮತ್ತು ಕ್ಷಯ ಎರಡೂ ಗುಣವಾಗುವ ರೋಗಗಳು; ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಔಷಧ ಉಚಿತ. ಹಳೆಯ ಕಟ್ಟಳೆಯನ್ನು ಹಿಡಿದು ರೋಗಿಯನ್ನು ದೂರವಿಡಲು ಕಾರಣವೇ ಇಲ್ಲ.

ಇನ್ನು ನಮ್ಮ ಮೊದಲ ಪ್ರಶ್ನೆಗೆ ಬರೋಣ. ಅತಿಸಾರದಿಂದ ನರಳುತ್ತಿದ್ದ ಭಿಕ್ಷುವೊಬ್ಬನು ತನ್ನ ಮಲಮೂತ್ರದಲ್ಲಿಯೇ ಬಿದ್ದಿದ್ದನು. ಅವನಿಂದ ಇತರರಿಗೆ ಉಪಯೋಗವಿರಲಿಲ್ಲವಾದ್ದರಿಂದ ಯಾರೂ ಅವನನ್ನು ನೋಡುತ್ತಿರಲಿಲ್ಲ. ಬುದ್ಧನು ಆನಂದನಿಂದ ನೀರು ತರಿಸಿ, ತಾನು ನೀರು ಸುರಿದು, ಆನಂದನು ಮೈ ತೊಳೆದು, ಇಬ್ಬರೂ ಅವನನ್ನು ತಲೆ, ಕಾಲುಗಳೆಡೆ ಹಿಡಿದೆತ್ತಿ ಹಾಸಿಗೆಯ ಮೇಲೆ ಮಲಗಿಸಿದರು. ಬಳಿಕ ಸಂಘವನ್ನು ಸೇರಿಸಿ, ನಿಮ್ಮನ್ನು ನೋಡಿಕೊಳ್ಳಲು ಇಲ್ಲಿ ತಾಯಿತಂದೆಯರಿಲ್ಲ, ನೀವೇ ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ನಾರು ನೋಡುವರು ಎಂಬರ್ಥದ ಮಾತನ್ನು ಆಡಿದನು. ರೋಗಿಯ ಶುಶ್ರೂಷೆ ಮೊದಲು ಗುರುವಿನ, ಶಿಷ್ಯನ, ಜತೆಗಾರನ ಹೊಣೆ, ಅವರಾರೂ ಇಲ್ಲದಿದ್ದರೆ ಇಡೀ ಸಂಘದ ಹೊಣೆ, ತಪ್ಪಿದರೆ ದೋಷ.

ಒಳ್ಳೆಯ ಶುಶ್ರೂಷಕನು ಔಷಧ ಸಿದ್ಧಪಡಿಸಬಲ್ಲವನು, ಪಥ್ಯಾಪಥ್ಯ ಬಲ್ಲವನು, ಲಾಭಕ್ಕಲ್ಲದೆ ಮೈತ್ರಿಯಿಂದ ಸೇವೆ ಮಾಡುವವನು, ಮಲ, ವಾಂತಿಗಳಿಗೆ ಹೇಸದವನು, ಹಿತವಚನದಿಂದ ಧೈರ್ಯ ತುಂಬುವವನು. ರೋಗಿಯನ್ನೂ ಗ್ರಂಥ ಬಿಟ್ಟಿಲ್ಲ: ಪಥ್ಯ ಮಾಡದ, ಔಷಧ ಕುಡಿಯದ, ಬೇನೆಯ ನಿಜಸ್ಥಿತಿ ಹೇಳದ ರೋಗಿಯನ್ನು ನೋಡಿಕೊಳ್ಳುವುದು ಕಷ್ಟವೆನ್ನುತ್ತದೆ. ಮನೆಯಲ್ಲಿ ರೋಗಿಯಿದ್ದವರಿಗೆ ಇದು ಚೆನ್ನಾಗಿ ಗೊತ್ತು! ಭಿಕ್ಷು ತೀರಿಕೊಂಡರೆ ಅವನ ಪಾತ್ರೆ ಮತ್ತು ಚೀವರಗಳನ್ನು ಶುಶ್ರೂಷೆ ಮಾಡಿದವನಿಗೆ ಕೊಡಬೇಕೆಂಬ ವಿಧಿಯೂ ಇದೆ.

ಭಾರತೀಯ ವೈದ್ಯವು ಮಂತ್ರದಿಂದ ಯುಕ್ತಿಯ ಕಡೆಗೆ ತಿರುಗಿದ್ದರಲ್ಲಿ ಇಂಥ ಶ್ರಮಣರ ಪಾತ್ರ ಹಿರಿದೆಂದು ಕೆನೆತ್ ಝಿಸ್ಕ್ ಎಂಬ ವಿದ್ವಾಂಸರು 1991ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಎಲ್ಲರೂ ಇದನ್ನು ಒಪ್ಪಿಲ್ಲ. ಇದೇ ಅಧ್ಯಾಯದಲ್ಲಿ ಹಾವಿನ ಕಡಿತಕ್ಕೆ ಮಲ, ಮೂತ್ರ, ಬೂದಿ, ಮಣ್ಣುಗಳನ್ನೂ ಹೇಳಿದೆ. ಇದನ್ನು ಯಾರೂ ಪ್ರಯೋಗಿಸಬಾರದು. ಮಳೆಗಾಲದಲ್ಲಿ ಹಾವು ಕಚ್ಚಿದರೆ ವಿಷಪ್ರತಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕೂಡಲೇ ಒಯ್ಯುವುದೊಂದೇ ದಾರಿ.

ಕನ್ನಡದ ನಂಟಿನ ಒಂದು ಮಾತು ಉಳಿದಿದೆ. ಕನ್ಹೇರಿಯಲ್ಲಿ 9ನೆಯ ಶತಮಾನದ ಮೂರು ಶಾಸನಗಳು ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯವು. ಅವನ ಸಾಮಂತರಾದ ಕೊಂಕಣದ ಶಿಲಾಹಾರರ ಕಾಲದಲ್ಲಿ ಭಿಕ್ಷುಗಳಿಗೆ ದಾನ ಸಂದದ್ದನ್ನು ಅವು ಹೇಳುತ್ತವೆ. ಕವಿರಾಜಮಾರ್ಗಕ್ಕೆ ಕಾರಣನಾದ ಈ ದೊರೆಯ ಸಭೆಯಲ್ಲಿಯೇ ಜೈನ ವೈದ್ಯ ಉಗ್ರಾದಿತ್ಯನು ಔಷಧದಲ್ಲಿ ಮಾಂಸ ಕೂಡದೆಂದು ವಾದಿಸಿದನೆಂದು ಅವನ ‘ಕಲ್ಯಾಣಕಾರಕ’ದಿಂದ ತಿಳಿದುಬರುತ್ತದೆ. ಮಹಾವಗ್ಗವಾದರೋ ರೋಗಿಗೆ ಕರಡಿ, ಮೀನು, ಹಂದಿಗಳ ಕೊಬ್ಬನ್ನೂ ಒಪ್ಪಿತ್ತು. ಒಂದೇ ರಾಜ್ಯದ ಆಶ್ರಯದಲ್ಲಿ ಎರಡು ಶ್ರಮಣ ಪರಂಪರೆಗಳು, ಔಷಧದ ವಿಷಯದಲ್ಲಿ ಎರಡು ನಿಲುವುಗಳು.

ಕನ್ಹೇರಿಗೆ ಹೋಗಬಯಸುವವರು ಮಳೆ ನಿಂತ ಮೇಲೆ ಹೋಗುವುದು ಒಳ್ಳೆಯದು. ಸೋಮವಾರ ಉದ್ಯಾನಕ್ಕೆ ರಜೆ. ಗುಹೆಗಳ ಮುಂದೆ ಬಂಡೆಯಲ್ಲಿ ಕೊರೆದ ಸಣ್ಣ ಕಾಲುವೆಗಳು ಮಳೆಯ ನೀರನ್ನು ತೊಟ್ಟಿಗಳಿಗೆ ಇಳಿಸುವುದನ್ನು ಗಮನಿಸಿರಿ. ಕುಡಿಯಲು, ಕಷಾಯ ಕಾಯಿಸಲು, ರೋಗಿಯ ಮೈ ತೊಳೆಯಲು ಆ ಗುಡ್ಡದ ಮೇಲೆ ಬೇಕಾದ ನೀರು ಹೀಗೆ ಕೂಡಿಬರುತ್ತಿತ್ತು. ಅದರಲ್ಲೊಂದು ತೊಟ್ಟಿ ಕಲ್ಯಾಣದ ಆ ಅಕ್ಕಸಾಲಿಗನದು.