ಗಂಟೆಗಳ ಗಳಿಕೆ
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನೊಬ್ಬನು ವಿಮಾನದ ವಿಷಯವಾಗಿ ಮಾತನಾಡಲು ಎದ್ದು ನಿಂತರೆ ತಮ್ಮಲ್ಲಿ ಕೆಲವರಿಗಾದರೂ ನಗು ಬರುವುದು ಸಹಜವೇ. ಛಂದಸ್ಸಿನ ಮಾತ್ರೆಗಳನ್ನು ಎಣಿಸುವುದು ನನ್ನ ಕಸುಬೇ ಹೊರತು ಹಾರಾಟದ ಗಂಟೆಗಳನ್ನು ಎಣಿಸುವುದಲ್ಲ. ಆದರೂ ಈ ವಿಷಯವು ನಮ್ಮ ಹೊಸೂರು ಸೀಮೆಯ ಒಂದು ಮನೆಯ ಬಾಗಿಲಿಗೆ ಬಂದು, ಅಲ್ಲಿಂದ ನನ್ನ ಮನೆಯ ಜಗಲಿಗೂ ಬಂದಿತು. ಇಂದು ನಮ್ಮ ಹಲವು ಮಕ್ಕಳ ಕಣ್ಣು ಆಕಾಶದ ಕಡೆಗಿರುವುದರಿಂದ ನಾನು ತಿಳಿದುಕೊಂಡ ನಾಲ್ಕು ಮಾತುಗಳನ್ನು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ.

ಒಂದು ಸಂಜೆ ರೈತರೊಬ್ಬರು ನನ್ನ ಬಳಿಗೆ ಬಂದರು. ಅವರ ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಬೆಂಗಳೂರಿನ ಜಕ್ಕೂರಿನ ಮೇಲೆ ಸುತ್ತುವ ಪುಟ್ಟ ವಿಮಾನಗಳನ್ನು ಬಾಲ್ಯದಲ್ಲಿ ಕಂಡು ಆಸೆ ಹೊತ್ತವಳು. ಭೌತಶಾಸ್ತ್ರ, ಗಣಿತಗಳಲ್ಲಿ ಚೆನ್ನಾಗಿ ತೇರ್ಗಡೆಯಾಗಿ, ಸಾಲ ಮಾಡಿ ಅಮೆರಿಕಕ್ಕೆ ಹೋಗಿ, ಅಲ್ಲಿ ಖಾಸಗಿ ಚಾಲಕರ ಲೈಸೆನ್ಸನ್ನು ಸಂಪಾದಿಸಿದ್ದಳು. "ಮೇಷ್ಟ್ರೇ, ಲೈಸೆನ್ಸು ಬಂತು ಅಂತ ಊರಿಗೆಲ್ಲ ಸಿಹಿ ಹಂಚಿದೆ. ಈಗ ನೋಡಿದರೆ ಇನ್ನೂ ಗಂಟೆ ಸಾಲದಂತೆ. ಇರುವ ಎರಡು ಎಕರೆ ಖುಷ್ಕಿ ಮಾರಿಬಿಡಲೇ?" ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಈ 'ಗಂಟೆ ಸಾಲದು' ಎಂಬುದರ ಅರ್ಥವೇನು? ಖಾಸಗಿ ಲೈಸೆನ್ಸಿಗೆ ನಮ್ಮ ದೇಶದಲ್ಲಾಗಲಿ ಅಮೆರಿಕದಲ್ಲಾಗಲಿ ಕನಿಷ್ಠ 40 ಗಂಟೆಗಳ ಹಾರಾಟ ಸಾಕು. ಆದರೆ ಅದನ್ನು ಪಡೆದವರು ಕೂಲಿಗಾಗಿ ವಿಮಾನ ನಡೆಸುವಂತಿಲ್ಲ. ಸಂಬಳದ ಕೆಲಸಕ್ಕೆ ವಾಣಿಜ್ಯ ಲೈಸೆನ್ಸು ಬೇಕು. ಅದಕ್ಕೆ ಭಾರತದಲ್ಲಿ 200 ಗಂಟೆ, ಅಮೆರಿಕದ ಸಾಮಾನ್ಯ ಕ್ರಮದಲ್ಲಿ 250 ಗಂಟೆ ಆಗಿರಬೇಕು. ಅದರಲ್ಲಿ 100 ಗಂಟೆ ತಾನೇ ಜವಾಬ್ದಾರ ಚಾಲಕನಾಗಿ ಹಾರಿಸಿದ್ದಾಗಿರಬೇಕು. ನಡುವಣ ಈ ಗಂಟೆಗಳಿಗೆ ಸಂಬಳ ಕೊಡುವವರಿಲ್ಲ. ಕೈಯಿಂದಲೇ ಹಣ ತೆರಬೇಕು. ಇಲ್ಲಿಯೇ ಎಷ್ಟೋ ಮಧ್ಯಮ ವರ್ಗದ ಮನೆಗಳು ಕುಗ್ಗುವುದು.

ಅಂದು ರಾತ್ರಿ ದೂರವಾಣಿಯಲ್ಲಿ ಆ ಹುಡುಗಿಯೊಡನೆ ಮಾತನಾಡಿದೆ. ಆಮೇಲೆ ಹಲವು ಭಾನುವಾರಗಳು ಆಕೆಯೇ ನನಗೆ ಗುರುವಾದಳು. ಅವಳಿಂದ ಕಲಿತ ಪಾಠಗಳಿವು.

ಮೊದಲನೆಯದು, ಒಂದು ಗಂಟೆಯಿಂದ ಎರಡು ಕೆಲಸ ತೆಗೆಯುವುದು. ಭಾರತದ ನಿಯಮದಂತೆ 20 ಗಂಟೆಗಳು ಜವಾಬ್ದಾರ ಚಾಲಕನಾಗಿ ಮಾಡಿದ ದೂರಪ್ರಯಾಣವಾಗಬೇಕು. ಅದರಲ್ಲಿ ಒಂದು ಯಾನವಾದರೂ 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದಿರಬೇಕು. 10 ಗಂಟೆ ಉಪಕರಣಗಳನ್ನೇ ನಂಬಿ ಹಾರಬೇಕು, 5 ಗಂಟೆ ರಾತ್ರಿಯಲ್ಲಿ ಹಾರಬೇಕು. ಅಮೆರಿಕದಲ್ಲಿ ದೂರಪ್ರಯಾಣವೇ 50 ಗಂಟೆ. ಈ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಳ್ಳದೆ ಒಂದೇ ಮೈದಾನದ ಸುತ್ತ ಗಿರಕಿ ಹೊಡೆದವನು, ಕೊನೆಯಲ್ಲಿ ಗಂಟೆ ತುಂಬಿದರೂ ಬೇಕಾದ ಬಗೆಯ ಗಂಟೆ ತುಂಬದೆ ಮತ್ತೆ ಹಣ ತೆರುತ್ತಾನೆ.

ಎರಡನೆಯದು, ಚಿಕ್ಕ ವಿಮಾನ. ನಾಲ್ಕು ಆಸನಗಳ ಸೆಸ್ನಾ 172 ಗಂಟೆಗೆ ಸುಮಾರು 32 ಲೀಟರ್ ಇಂಧನ ಕುಡಿದರೆ, ಎರಡು ಆಸನಗಳ ಸೆಸ್ನಾ 152 ಸುಮಾರು 23 ಲೀಟರಿನಲ್ಲಿ ತೃಪ್ತವಾಗುತ್ತದೆ. ನೂರು ಗಂಟೆಗೆ 900 ಲೀಟರಿನ ಉಳಿತಾಯ! 152ರ ತಯಾರಿಕೆ 1985ರಲ್ಲಿಯೇ ನಿಂತುಹೋಯಿತು; ಆದರೂ ಚೆನ್ನಾಗಿ ಪಾಲಿಸಿದ ಹಳೆಯ ವಿಮಾನಗಳು ಇಂದಿಗೂ ಹಾರುತ್ತಿವೆ. ಪುಸ್ತಕದಲ್ಲಿ ಬರೆಯುವ ಗಂಟೆ ಮಾತ್ರ ಎರಡರಲ್ಲೂ ಒಂದೇ.

ಮೂರನೆಯದು, ಬಾಡಿಗೆಯ ಕರಾರು. ಅಲ್ಲಿ 'ವೆಟ್' ಮತ್ತು 'ಡ್ರೈ' ಎಂದು ಎರಡು ದರಗಳುಂಟು. ನಮ್ಮ ತರಿ, ಖುಷ್ಕಿಗಳ ಹಾಗೆ! ಮೊದಲನೆಯದರಲ್ಲಿ ಇಂಧನ ಸೇರಿದೆ. ಎರಡನೆಯದರಲ್ಲಿ ನಾವೇ ತುಂಬಿಸಬೇಕು. ಮೇಲ್ನೋಟಕ್ಕೆ ಅಗ್ಗವೆಂದು ಕಂಡದ್ದು ಲೆಕ್ಕ ಹಾಕಿದರೆ ದುಬಾರಿಯಾಗಬಹುದು. ಗಂಟೆ ಅಳೆಯುವ ಮಾಪಕಗಳೂ ಎರಡು. ಹಾಬ್ಸ್ ಎಂಬುದು ಸಾಮಾನ್ಯವಾಗಿ ಎಂಜಿನ್ ನಡೆಯುವಷ್ಟು ಹೊತ್ತೂ ಗಡಿಯಾರದಂತೆ ಓಡುತ್ತದೆ. ಟ್ಯಾಕ್ ಎಂಬುದು ಎಂಜಿನ್ ಸುತ್ತುವ ವೇಗವನ್ನು ಅನುಸರಿಸಿ ಓಡುತ್ತದೆ. ಎರಡನೆಯದರಂತೆ ಬಾಡಿಗೆ ಇರುವ ಕಡೆ ನಿಧಾನವಾಗಿ ಹಾರುವವನಿಗೆ ಲಾಭ.

ನಾಲ್ಕನೆಯದು, ಸಹಭಾಗಿತ್ವ. ವಿಮಾನ ಹಾರದೆ ನಿಂತಿದ್ದರೂ ವಿಮೆ, ನಿಲ್ದಾಣದ ಬಾಡಿಗೆ, ವಾರ್ಷಿಕ ಪರೀಕ್ಷೆ ಇವುಗಳ ಖರ್ಚು ನಿಲ್ಲದು. ಹತ್ತಾರು ಮಂದಿ ಕೂಡಿ ಲಾಭದಾಸೆಯಿಲ್ಲದ ಕ್ಲಬ್ಬು ಕಟ್ಟಿಕೊಂಡರೆ ಆ ಭಾರ ಹಂಚಿಹೋಗುತ್ತದೆ. ಅಮೆರಿಕದಲ್ಲಿ ಖಾಸಗಿ ಚಾಲಕನು ಜೊತೆಗೆ ಬಂದವರೊಡನೆ ಇಂಧನ, ಬಾಡಿಗೆಗಳ ಖರ್ಚನ್ನು ಹಂಚಿಕೊಳ್ಳಬಹುದು. ಆದರೆ ತನ್ನ ಸಮಪಾಲನ್ನು ತಾನು ಕೊಡಲೇಬೇಕು. ಇನ್ನೊಂದು ಕ್ರಮ ಬಹು ಸ್ವಾರಸ್ಯವಾದುದು. ಇಬ್ಬರು ಚಾಲಕರು ಒಟ್ಟಿಗೆ ಹಾರುತ್ತಾರೆ. ಒಬ್ಬರು ಹೊರಗೆ ಕಾಣದಂತೆ ಕಣ್ಣಿಗೆ ಮರೆ ಕಟ್ಟಿಕೊಂಡು ಉಪಕರಣಗಳನ್ನೇ ನೋಡುತ್ತಾ ಹಾರಿಸುತ್ತಾರೆ. ಇನ್ನೊಬ್ಬರು ರಕ್ಷಕ ಚಾಲಕರಾಗಿ, ಹಾರಾಟದ ಹೊಣೆ ಹೊತ್ತು, ಸುತ್ತಲೂ ಕಣ್ಣಿಟ್ಟಿರುತ್ತಾರೆ. ಮರೆ ಕಟ್ಟಿರುವಷ್ಟು ಹೊತ್ತು ಇಬ್ಬರೂ ಜವಾಬ್ದಾರ ಚಾಲಕರೆಂದು ಬರೆದುಕೊಳ್ಳಲು ಅಲ್ಲಿನ ನಿಯಮ ಅವಕಾಶ ಕೊಡುತ್ತದೆ. ಏರುವ ಇಳಿಯುವ ಹೊತ್ತು ಒಬ್ಬರದೇ. ಖರ್ಚು ಅರ್ಧವಾಗುತ್ತದೆ. ಆದರೆ ಒಂದು ದೇಶದ ನಿಯಮವನ್ನು ಇನ್ನೊಂದು ದೇಶದ್ದೆಂದು ಎಣಿಸಬಾರದು. ತಾಯ್ನಾಡಿಗೆ ಮರಳುವವರು ಇಂಥ ಗಂಟೆಗಳು ಇಲ್ಲಿ ಸಲ್ಲುವುವೇ ಎಂಬುದನ್ನು ಮೊದಲೇ ಬರಹದಲ್ಲಿ ಕೇಳಿ ತಿಳಿಯತಕ್ಕದ್ದು.

ಐದನೆಯದು, ಎಡೆಬಿಡದ ಅಭ್ಯಾಸ. ತಿಂಗಳುಗಟ್ಟಲೆ ಬಿಟ್ಟು ಹಾರಿದರೆ ಕೈ ಮರೆಯುತ್ತದೆ. ಮರೆತದ್ದನ್ನು ಮತ್ತೆ ಕಲಿಯಲು ಶಿಕ್ಷಕರಿಗೆ ಮತ್ತೆ ಹಣ. ಆ ಹುಡುಗಿ ತನ್ನ ಕೋಣೆಯಲ್ಲಿ ಕುರ್ಚಿಯ ಮೇಲೆ ಕುಳಿತು, ಕಣ್ಣು ಮುಚ್ಚಿ, ಏರುವುದರಿಂದ ಇಳಿಯುವ ತನಕ ಮಾಡಬೇಕಾದುದನ್ನೆಲ್ಲ ಕೈಯಾಡಿಸಿ ಹೇಳಿಕೊಳ್ಳುತ್ತಾಳಂತೆ. ನಮ್ಮ ಹಿಂದಿನವರು ಪಾಠವನ್ನು ಮನನ ಮಾಡುತ್ತಿದ್ದುದು ಹೀಗೆಯೇ ಅಲ್ಲವೇ? ಇದಕ್ಕೆ ಕಾಸೂ ಖರ್ಚಿಲ್ಲ.

ಮಹನೀಯರೇ, ಇಷ್ಟರಲ್ಲಿ ಒಂದು ಪ್ರಸಂಗ ನಡೆಯಿತು. ಮಧ್ಯವರ್ತಿಯೊಬ್ಬನು ತಂದೆಯನ್ನು ಕಂಡು, ಉಳಿದ ಗಂಟೆಗಳನ್ನು ಅರ್ಧ ಬೆಲೆಗೆ ಮುಗಿಸಿಕೊಡುವೆನೆಂದೂ, ಕೆಲವನ್ನು ಹಾರಿಸಿ ಕೆಲವನ್ನು 'ಹೊಂದಿಸಿಕೊಡುವೆ'ನೆಂದೂ ಆಸೆ ತೋರಿಸಿದನು. ನಾನು ಆ 'ಹೊಂದಿಸು' ಎಂಬ ಮಾತಿನ ಅರ್ಥವನ್ನು ವಿಚಾರಿಸದೆ, "ಅಗ್ಗವಾದರೆ ಒಳ್ಳೆಯದೇ" ಎಂದುಬಿಟ್ಟೆ. ಪದಗಳ ಅರ್ಥ ಹೇಳುವುದೇ ವೃತ್ತಿಯಾದವನ ತಪ್ಪಿದು. ಈ ಸಭೆಯಲ್ಲಿ ಒಪ್ಪಿಕೊಳ್ಳುತ್ತೇನೆ. ಮಗಳು ಮಾತ್ರ ಕೂಡಲೇ ತಿಳಿದುಕೊಂಡಳು. "ಸಾರ್, ಬರೀ ಹಾಜರಿ ಇದ್ದರೆ ನೀವು ನಮ್ಮನ್ನು ಪಾಸು ಮಾಡ್ತಿದ್ರಾ? ಇಲ್ಲಿ ಹಾಜರಿಯೂ ಸುಳ್ಳು" ಎಂದಳು. ನಾನು ನಿರುತ್ತರನಾದೆ.

ಅಮೆರಿಕದ ವೈಮಾನಿಕರಲ್ಲಿ ಒಂದು ಹಾಸ್ಯವಿದೆಯಂತೆ. ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ಯುದ್ಧವಿಮಾನ ಪಿ-51. ಅದೇ ಕಾಲದ ಹೆಸರಾದ ಲೇಖನಿ ಪಾರ್ಕರ್ 51. ಹಾರದ ಗಂಟೆಗಳನ್ನು ಬರೆದುಕೊಂಡವನನ್ನು 'ಇವನು ಹಾರಿಸಿದ್ದು ಪಿ-51' ಎಂದು ನಗುತ್ತಾರೆ. ಹಾರಿಸಿದ್ದು ಲೇಖನಿಯನ್ನು ಎಂದರ್ಥ! ಆದರೆ ಇದು ನಗುವ ವಿಷಯವಲ್ಲ. 2011ರಲ್ಲಿ ನಮ್ಮ ದೇಶದಲ್ಲಿಯೇ ಸುಳ್ಳು ಅಂಕಪಟ್ಟಿ, ಸುಳ್ಳು ಹಾರಾಟದ ಲೆಕ್ಕಗಳು ಬಯಲಾಗಿ, ಲೈಸೆನ್ಸುಗಳು ರದ್ದಾಗಿ, ಜನ ಸೆರೆಯಾದರು. ಲೇಖನಿಯಿಂದ ಗಳಿಸಿದ ಗಂಟೆ ಅಡ್ಡಗಾಳಿ ಬೀಸಿದ ದಿನ ಕೈ ಹಿಡಿಯಲಾರದು. ಅಂದು ಹಿಂದಿನ ಆಸನಗಳಲ್ಲಿ ಕುಳಿತವರು ನಮ್ಮಂಥ ಮನೆಗಳವರೇ ಆಗಿರುತ್ತಾರೆ.

ಛಂದಸ್ಸಿನಲ್ಲಿಯೂ ಹೀಗೆಯೇ. ಮಾತ್ರೆಗಳ ಲೆಕ್ಕ ಸರಿಬಂದ ಮಾತ್ರಕ್ಕೆ ಪದ್ಯವು ಕಾವ್ಯವಾಗದು. ಆದರೆ ಲೆಕ್ಕವನ್ನೇ ಕದ್ದವನಿಗೆ ಕಾವ್ಯವೂ ಇಲ್ಲ, ಪದ್ಯವೂ ಇಲ್ಲ. ಆದಕಾರಣ ಮಿತವ್ಯಯ ಮಾಡುವವರು ಎಲ್ಲಿ ಮಾಡಬಾರದೆಂಬುದನ್ನೂ ತಿಳಿದಿರಬೇಕು. ವಿಮಾನದ ದುರಸ್ತಿಯಲ್ಲಿ ಬೇಡ. ಮೀಸಲು ಇಂಧನದಲ್ಲಿ ಬೇಡ. ಬರಿಗಣ್ಣಿನಿಂದ ನೋಡಿ ಹಾರುವವರಿಗೆ ಅಮೆರಿಕದಲ್ಲಿ ಹಗಲು ಕನಿಷ್ಠ 30 ನಿಮಿಷ, ರಾತ್ರಿ 45 ನಿಮಿಷಗಳ ಇಂಧನ ಉಳಿದಿರಬೇಕೆಂದು ವಿಧಿಯಿದೆ. ಬಾಡಿಗೆಯ ದಿನ ವ್ಯರ್ಥವಾಗುವುದೆಂದು ಮೋಡ ಕವಿದಾಗ ಹೊರಡುವುದು ಬೇಡ. ಆಗಾಗ ಶಿಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಪ್ಪು ತಿದ್ದಿಸಿಕೊಳ್ಳುವ ಹಣದಲ್ಲಿಯೂ ಬೇಡ.

ಆ ರೈತರು ಮಧ್ಯವರ್ತಿಯನ್ನು ಹಿಂದಕ್ಕೆ ಕಳುಹಿಸಿದರು. ಜಮೀನನ್ನು ಮಾರಲಿಲ್ಲ, ಒಂದು ಎಕರೆಯನ್ನು ಅಡವಿಟ್ಟಿದ್ದಾರೆ. ಮಗಳು ಗೆಳತಿಯೊಬ್ಬಳೊಡನೆ ಖರ್ಚು ಹಂಚಿಕೊಂಡು, 152ರಲ್ಲಿ ಊರಿಂದೂರಿಗೆ ಹಾರುತ್ತಾ ನಿಧಾನವಾಗಿ ಮುಂದುವರಿಯುತ್ತಿದ್ದಾಳೆ. ಹೋದ ಭಾನುವಾರಕ್ಕೆ ಆಕೆಯ ಪುಸ್ತಕದಲ್ಲಿ 162 ಗಂಟೆಗಳಾಗಿದ್ದವು. ಉಳಿದದ್ದು ಆಗುವುದೋ ಇಲ್ಲವೋ, ಆಮೇಲೆ ಕೆಲಸ ದೊರೆಯುವುದೋ ಇಲ್ಲವೋ, ನಾನು ಭವಿಷ್ಯ ನುಡಿಯಲಾರೆ. ಆದರೆ ಆ 162ರಲ್ಲಿ ಒಂದು ನಿಮಿಷವೂ ಸುಳ್ಳಿಲ್ಲವೆಂದು ತಂದೆಯವರು ತಲೆಯೆತ್ತಿ ಹೇಳುತ್ತಾರೆ.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆಯನ್ನು ನಾವೆಲ್ಲ ಮಕ್ಕಳಿಗೆ ಕಲಿಸಿದ್ದೇವೆ. ಬಳ್ಳ ತುಂಬಬೇಕಾದದ್ದು ಕಾಳಿನಿಂದ, ಜೊಳ್ಳಿನಿಂದಲ್ಲ. ನಿಮ್ಮ ಮಕ್ಕಳು ಆಕಾಶವನ್ನು ಬಯಸಿದರೆ ಬೇಡವೆನ್ನಬೇಡಿ. ಲೆಕ್ಕದ ಪುಸ್ತಕವನ್ನು ಅವರೊಡನೆ ಕುಳಿತು ಬರೆಯಿರಿ. ಗಡಿನಾಡಿನಲ್ಲಿ ಕನ್ನಡ ಓದಿದ ಮಗು ಎಷ್ಟು ಎತ್ತರಕ್ಕೆ ಹಾರಿದರೂ ಅದರ ಪುಸ್ತಕ ಶುದ್ಧವಾಗಿರಲೆಂದು ಹಾರೈಸುತ್ತೇನೆ.