ಟಿಕ್ ಅಂತು, ಉರಿ ಬರಲಿಲ್ಲ!

ತುಮಕೂರೋ ಗುಬ್ಬಿಯೋ ಕುಣಿಗಲ್ಲೋ, ನಮ್ಮ ಕಡೆ ಅಡುಗೆಮನೆಗೆ ಬೆಳಗಾಗುವುದೇ ಗ್ಯಾಸ್ ಲೈಟರಿನ 'ಟಿಕ್ ಟಿಕ್' ಸದ್ದಿನಿಂದ. ಆ ಲೈಟರಿನೊಳಗೆ ಎಣ್ಣೆಯಿಲ್ಲ, ಬೆಂಕಿಕಡ್ಡಿಯಿಲ್ಲ, ಸೆಲ್ ಕೂಡ ಇಲ್ಲ. ಮತ್ತೆ ಕಿಡಿ ಬಂದದ್ದೆಲ್ಲಿಂದ ಮಕ್ಕಳೇ?

ಅದರ ಹೊಟ್ಟೆಯಲ್ಲಿ ಪಿಂಗಾಣಿ ಜಾತಿಯ ಒಂದು ಪುಟ್ಟ ತುಂಡಿದೆ. ಲೈಟರನ್ನು ಒತ್ತಿದಾಗ ಸ್ಪ್ರಿಂಗು ಬಿಗಿಯಾಗಿ, ಪಟ್ಟನೆ ಬಿಟ್ಟುಕೊಂಡು, ಚಿಕ್ಕ ಸುತ್ತಿಗೆಯೊಂದು ಆ ತುಂಡಿಗೆ ಬಡಿಯುತ್ತದೆ. ನೀವು ಕೇಳುವ 'ಟಿಕ್' ಅದೇ! ಆ ಪೆಟ್ಟಿಗೆ ತುಂಡಿನಲ್ಲಿ ವಿದ್ಯುತ್ ಹುಟ್ಟುತ್ತದೆ. ಕೆಲವು ಹರಳುಗಳನ್ನು ಅದುಮಿದರೆ ವಿದ್ಯುತ್ ಹುಟ್ಟುತ್ತದೆ ಎಂದು 1880ರಲ್ಲಿ ಫ್ರಾನ್ಸಿನ ಅಣ್ಣತಮ್ಮಂದಿರಾದ ಜಾಕ್ ಕ್ಯೂರಿ, ಪಿಯರ್ ಕ್ಯೂರಿ ಕಂಡುಕೊಂಡರು. ಮೇರಿ ಕ್ಯೂರಿ ಹೆಸರು ಕೇಳಿದ್ದೀರಲ್ಲ, ಆಕೆಯ ಗಂಡನೇ ಈ ಪಿಯರ್.

ಈಗ ಲೈಟರಿನ ಮೂತಿ ನೋಡಿ. ನಡುವೆ ಒಂದು ತಂತಿ, ಸುತ್ತ ಲೋಹದ ಕೊಳವೆ, ಎರಡರ ಮಧ್ಯೆ ಸಣ್ಣ ಸಂದು. ಹುಟ್ಟಿದ ವಿದ್ಯುತ್ತು ಆ ಸಂದನ್ನು ಹಾರಿ ದಾಟಬೇಕು. ಶಾಲೆಗೆ ಹೋಗುವಾಗ ದಾರಿಯಲ್ಲಿ ಕಾಲುವೆ ಅಡ್ಡ ಬಂದರೆ ನೀವು ಜಿಗಿಯುತ್ತೀರಿ. ಪಕ್ಕದಲ್ಲೇ ಯಾರೋ ಹಲಗೆ ಹಾಕಿದ್ದರೆ? ಸುಮ್ಮನೆ ನಡೆದು ಹೋಗುತ್ತೀರಿ. ವಿದ್ಯುತ್ತೂ ಅಷ್ಟೇ. ಮೂತಿಗೆ ನೀರೋ ಮಸಿಯೋ ಹತ್ತಿದ್ದರೆ ಅದೇ ಹಲಗೆ. ಜಿಗಿತವಿಲ್ಲ, ಕಿಡಿಯೂ ಇಲ್ಲ.

ಗುಂಡಿ ತಿರುಗಿಸಿದರೆ ತಾನೇ ಹೊತ್ತುವ ಒಲೆಯಲ್ಲಿ ಬರ್ನರಿನ ಪಕ್ಕ ಬಿಳಿ ಪಿಂಗಾಣಿ ಕಡ್ಡಿ ನಿಂತಿರುತ್ತದೆ. ಹಿಟ್ಟಿನ ಎಸರು ಉಕ್ಕಿ ಅದರ ಮೇಲೆ ಬಿದ್ದರೆ ಅದಕ್ಕೂ ಇದೇ ಪಾಡು. ಒಲೆ ಆರಿಸಿ, ತಣ್ಣಗಾದ ಮೇಲೆ ದೊಡ್ಡವರು ಒಣಬಟ್ಟೆಯಲ್ಲಿ ಒರೆಸಿದರೆ ಬಹಳ ಸಲ ಅಷ್ಟೇ ಸಾಕು. ಹೊಸ ಒಲೆ ತರುವ ಮಾತು ಆಮೇಲೆ!

ಕಿಡಿ ಚೆನ್ನಾಗಿ ಬಂದರೂ ಉರಿ ಹೊತ್ತಲಿಲ್ಲವೇ? ಹಾಗಾದರೆ ಗ್ಯಾಸಿನ ಕಡೆ ನೋಡಬೇಕು. ಸಿಲಿಂಡರ್ ಖಾಲಿಯಾಗಿರಬಹುದು, ರೆಗ್ಯುಲೇಟರ್ ಆಫ್ ಆಗಿರಬಹುದು, ಬರ್ನರಿನ ತೂತುಗಳು ಕಟ್ಟಿರಬಹುದು. ಇನ್ನೊಂದು ಸ್ವಾರಸ್ಯ: ಗಾಳಿಯೊಡನೆ ಬೆರೆತ ನೂರು ಪಾಲಿನಲ್ಲಿ ಸಿಲಿಂಡರಿನ ಗ್ಯಾಸು ಸುಮಾರು 2ರಿಂದ 9 ಪಾಲು ಇದ್ದರೆ ಮಾತ್ರ ಬೆಂಕಿ ಹತ್ತುತ್ತದೆ. ಕಡಿಮೆಯಾದರೂ ಹತ್ತದು, ಹೆಚ್ಚಾದರೂ ಹತ್ತದು. ತೂತುಗಳ ಅಂಚಿನಲ್ಲಿ ಗ್ಯಾಸೂ ಗಾಳಿಯೂ ಹದವಾಗಿ ಬೆರೆಯುತ್ತವೆ. ಲೈಟರ್ ಹಿಡಿಯಬೇಕಾದದ್ದು ಅಲ್ಲೇ.

ಹೊತ್ತದ ಒಲೆಯ ಗುಂಡಿಯನ್ನು ತೆರೆದೇ ಬಿಟ್ಟು ಟಿಕ್ ಟಿಕ್ ಮಾಡುತ್ತಾ ನಿಲ್ಲುವುದು ಮಾತ್ರ ತುಂಬ ಅಪಾಯ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಳ್ಳುತ್ತದೆ. ಪೈಪಿನಲ್ಲಿ ಬರುವ ಗ್ಯಾಸು ಹಗುರ, ಸೂರಿನತ್ತ ಏರುತ್ತದೆ. ಗುಂಡಿ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಸ್ವಲ್ಪ ಹೊತ್ತು ಕಾಯಲು ದೊಡ್ಡವರಿಗೆ ಹೇಳಿ.

ಗ್ಯಾಸಿಗೆ ತನ್ನದೇ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದೇ ಆ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಅದು ಮೂಗಿಗೆ ಬಡಿದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬನ್ನಿ, ದೊಡ್ಡವರನ್ನು ಕೂಗಿ. ಸಿಲಿಂಡರ್ ಸೋರಿಕೆ ತಿಳಿಸುವ ಸಹಾಯವಾಣಿ 1906. ಯಾವ ಕಂಪನಿಯ ಸಿಲಿಂಡರ್ ಆದರೂ ಅದೇ ನಂಬರು.