ಶಾಲೆಯ ಆಟದ ಅಂಗಳ: ಪಂಚಾಯತ್‌ನ ಹೊಣೆ

(ಸಂಪಾಜೆಯಲ್ಲಿ ಗ್ರಾಮ ಪಂಚಾಯತ್ ಸದಸ್ಯರನ್ನು ಉದ್ದೇಶಿಸಿ ಮಾಡಿದ ಭಾಷಣದ ಪಠ್ಯ)



ಮಳೆ ನಿಂತ ಮೇಲೆ ಅಡಿಕೆ ಒಣಗಿಸಲು ಅಂಗಳ ಸಿದ್ಧಪಡಿಸುವುದು ನಮ್ಮ ಕೃಷಿಕರ ಮನೆಗಳ ವಾಡಿಕೆ. ಹುಲ್ಲು ಕೆತ್ತಿ, ಹೊಂಡ ತುಂಬಿ, ಮಣ್ಣನ್ನು ಬಡಿದು ಗಟ್ಟಿಗೊಳಿಸುತ್ತೇವೆ. ನೀರು ನಿಲ್ಲದಂತೆ ಕಣಿ ತೆಗೆಯುತ್ತೇವೆ. ಅಡಿಕೆಗಾಗಿ ವಹಿಸುವ ಈ ಎಚ್ಚರವನ್ನು ಮಕ್ಕಳ ಆಟದ ಅಂಗಳಕ್ಕೂ ವಹಿಸಬೇಕೆಂಬುದು ನನ್ನ ವಿನಂತಿ.

ಆಟದ ಮೈದಾನ ಶಾಲೆಗೆ ನೀಡುವ ಕೊಡುಗೆಯಲ್ಲ, ಮಕ್ಕಳ ಹಕ್ಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಮೈದಾನವನ್ನೂ ಆಟದ ಸಾಮಗ್ರಿಯನ್ನೂ ಶಾಲೆಯ ಅಗತ್ಯಗಳಲ್ಲಿ ಸೇರಿಸಿದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಮ್ಮ ತೊಡಕುಗಳು ಎರಡು: ಇಳಿಜಾರು ಮತ್ತು ಮಳೆ. ಗುಡ್ಡದ ಮಗ್ಗುಲಿನ ಶಾಲೆಗೆ ವಿಶಾಲವಾದ ಮೈದಾನ ಎಲ್ಲಿಂದ ಬರಬೇಕು ಎಂದು ಕೈಚೆಲ್ಲುವುದು ಸುಲಭ. ಆದರೆ ವಾಲಿಬಾಲ್ ಅಂಗಣಕ್ಕೆ 18 ಮೀಟರ್ ಉದ್ದ, 9 ಮೀಟರ್ ಅಗಲ. ಕಬಡ್ಡಿ ಅಂಗಣಕ್ಕೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಸುತ್ತ ಸ್ವಲ್ಪ ತೆರವು ಬಿಟ್ಟರಾಯಿತು. ದೊಡ್ಡ ಮೈದಾನ ದೊರೆಯುವವರೆಗೆ ಕಾಯದೆ, ಇರುವ ಜಾಗದಲ್ಲಿ ಇಷ್ಟನ್ನಾದರೂ ಸಮತಟ್ಟು ಮಾಡೋಣ.

ಮಳೆಯ ಮಾತು ಬೇರೆ. ಶಾಲೆ ತೆರೆಯುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳ ಕೆಸರಾಗಿರುತ್ತದೆ. ವೇಳಾಪಟ್ಟಿಯಲ್ಲಿ ಆಟದ ಅವಧಿ ಇದ್ದರೂ ಮಕ್ಕಳು ತರಗತಿಯಲ್ಲೇ ಕುಳಿತಿರುತ್ತಾರೆ. ಗೋಡೆಯಿಲ್ಲದ, ಶೀಟಿನ ಮಾಡು ಹೊದಿಸಿದ ಒಂದು ಚಾವಡಿ ಇದ್ದರೆ ಯೋಗ, ಹಗ್ಗ ಜಿಗಿತ, ಟೇಬಲ್ ಟೆನಿಸ್‌ ಮಳೆಗಾಲದಲ್ಲೂ ನಡೆಯುತ್ತವೆ. ಗ್ರಾಮಸಭೆಗೂ ಅದು ಒದಗುತ್ತದೆ.

ಹಣದ ದಾರಿಯೂ ಇದೆ. ಉದ್ಯೋಗ ಖಾತರಿ ಕಾಯ್ದೆಯ ಮೊದಲನೆಯ ಅನುಸೂಚಿಯು ಆಟದ ಮೈದಾನ ನಿರ್ಮಾಣವನ್ನು ಕಾಮಗಾರಿಗಳ ಪಟ್ಟಿಯಲ್ಲಿ ಸೇರಿಸಿತ್ತು. ಮಾಡು ಮತ್ತು ಸಾಮಗ್ರಿಗಾಗಿ ಪಂಚಾಯತ್‌ನ ಸ್ವಂತ ಸಂಪನ್ಮೂಲವನ್ನೂ ದಾನಿಗಳ ನೆರವನ್ನೂ ಜೋಡಿಸಬಹುದು.

ಒಂದು ಎಚ್ಚರಿಕೆ. 2018ರ ಆಗಸ್ಟ್‌ನಲ್ಲಿ ಮೇಲಿನ ಜೋಡುಪಾಲದಲ್ಲಿ ಗುಡ್ಡ ಕುಸಿದುದನ್ನು ನಾವು ಮರೆಯಲಾರೆವು. ಮೈದಾನದ ಆಸೆಯಿಂದ ಗುಡ್ಡವನ್ನು ನೇರವಾಗಿ ಕಡಿಯಬಾರದು. ಎಂಜಿನಿಯರರ ಪರಿಶೀಲನೆ, ತಡೆಗೋಡೆ, ಮೇಲ್ಭಾಗದ ನೀರಿಗೆ ಪ್ರತ್ಯೇಕ ಕಣಿ, ಇವಿಲ್ಲದೆ ಕೆಲಸ ಆರಂಭಿಸುವುದು ಬೇಡ.

ಆದುದರಿಂದ ಮೂರು ಕೆಲಸಗಳನ್ನು ಕೈಗೊಳ್ಳೋಣ. ಮೊದಲನೆಯದಾಗಿ, ಪ್ರತಿ ವಾರ್ಡಿನ ಸದಸ್ಯರು ಮುಖ್ಯೋಪಾಧ್ಯಾಯರು ಹಾಗೂ ಶಾಲಾಭಿವೃದ್ಧಿ ಸಮಿತಿಯವರೊಂದಿಗೆ ಅಂಗಳವನ್ನು ಅಳೆದು, ಗಡಿಯನ್ನು ದಾಖಲೆಯಲ್ಲಿ ನೋಡಿಕೊಳ್ಳಲಿ. ಎರಡನೆಯದಾಗಿ, ಅಗತ್ಯಗಳ ಪಟ್ಟಿಯನ್ನು ಗ್ರಾಮಸಭೆಯ ಮುಂದಿಟ್ಟು ಕ್ರಿಯಾಯೋಜನೆಗೆ ಸೇರಿಸಲಿ. ಹೆಣ್ಣುಮಕ್ಕಳಿಗೆ ಉಡುಪು ಬದಲಿಸುವ ಕೋಣೆ, ಅಂಗವಿಕಲ ಮಕ್ಕಳು ಅಂಗಳಕ್ಕೆ ಬರಲು ಮೆಟ್ಟಿಲಿಲ್ಲದ ದಾರಿ ಆ ಪಟ್ಟಿಯಲ್ಲಿರಲಿ. ಮೂರನೆಯದಾಗಿ, ಪ್ರತಿ ವರ್ಷ ಮಳೆ ನಿಂತ ಮೇಲೆ ದುರಸ್ತಿಗೆಂದು ಸ್ವಲ್ಪ ಹಣ ತೆಗೆದಿರಿಸೋಣ. ಮಾಡಿದ ಅಂಗಳವನ್ನು ಒಂದು ಮಳೆಗಾಲ ಕೈಬಿಟ್ಟರೆ ಏನಾಗುವುದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಮನೆಯ ಅಂಗಳವನ್ನು ಹಸನಾಗಿಡಬಲ್ಲ ನಮಗೆ ಶಾಲೆಯ ಅಂಗಳ ಕಷ್ಟವಾಗದು. ಈ ವರ್ಷದ ಕ್ರಿಯಾಯೋಜನೆಯಲ್ಲಿ ಅದಕ್ಕೊಂದು ಸಾಲು ಮೀಸಲಿಡಿರೆಂದು ಕೋರಿ, ನನ್ನ ಮಾತು ಮುಗಿಸುತ್ತೇನೆ.